ಪಕ್ಕೆಯಲ್ಲಿ ಹೊಗೆಕೊಳವೆ ಹೊತ್ತ ಕಾರುಗಳು

ಕಾರಿನ ಹೊಗೆ ಎಲ್ಲಿಂದ ಹೊರಬರುತ್ತದೆ ಎಂದು ಕೇಳಿದರೆ ನಮ್ಮ ಮಕ್ಕಳು ಹಿಂದಿನಿಂದ ಎಂದು ಥಟ್ಟನೆ ಉತ್ತರ ಕೊಡುತ್ತಾರೆ. ಸರಿಯೇ. ಆದರೆ ಅಂತರ್ಜಾಲದಲ್ಲಿ ಹಳೆಯ ಅಮೆರಿಕನ್ ಸ್ಪೋರ್ಟ್ಸ್ ಕಾರುಗಳ ಚಿತ್ರ ನೋಡಿದವರು ಬಾಗಿಲಿನ ಕೆಳಗೆ ಉದ್ದಕ್ಕೆ ಮಲಗಿದ, ಬೆಳ್ಳಿಯಂತೆ ಹೊಳೆಯುವ ದಪ್ಪ ಕೊಳವೆಗಳನ್ನೂ ಕಂಡಿರುತ್ತಾರೆ. ಇಂಗ್ಲಿಷಿನಲ್ಲಿ ಅವಕ್ಕೆ ಸೈಡ್ ಪೈಪ್ ಎನ್ನುತ್ತಾರೆ. ಚರಿತ್ರೆ ಎಂದರೆ ಬರೀ ರಾಜರು, ಯುದ್ಧಗಳು ಎಂದು ಬೇಸರಿಸುವ ಮಕ್ಕಳಿಗಾಗಿ ಈ ಸಲ ಈ ಕೊಳವೆಯ ಚರಿತ್ರೆಯನ್ನೇ ಬರೆಯೋಣವೆಂದು ಹೊರಟಿದ್ದೇವೆ.

ಇಂಜಿನ್ನಿನ ಸದ್ದನ್ನು ಅಡಗಿಸುವ ಸೈಲೆನ್ಸರಿಗೆ ಅಮೆರಿಕದ ಇಂಡಿಯಾನಾದ ರೀವ್ಸ್ ಸಹೋದರರು 1897ರಲ್ಲೇ ಪೇಟೆಂಟ್ ಪಡೆದಿದ್ದರು. ಅಂದಿನಿಂದ ಹೊಗೆಯನ್ನೂ ಸದ್ದನ್ನೂ ಗಾಡಿಯ ಅಡಿಯಲ್ಲಿ ಬಚ್ಚಿಟ್ಟು ಹಿಂದಕ್ಕೆ ಸಾಗಿಸುವುದೇ ಸಭ್ಯತೆ ಎನಿಸಿಕೊಂಡಿತು. ಅದನ್ನು ಬೇಕೆಂದೇ ಹೊರಗೆ ತೋರಿಸಿದ್ದು ಶ್ರೀಮಂತರ ಕಾರುಗಳು. 1928ರ ಜರ್ಮನಿಯ ಮರ್ಸಿಡಿಸ್ ಎಸ್‌ಎಸ್‌ಕೆ ಕಾರಿನ ಬಾನೆಟ್ಟಿನ ಪಕ್ಕದಿಂದ ಲೋಹದ ಕೊಳವೆಗಳು ಹಾವಿನಂತೆ ಹೊರಗೆ ಬಾಗಿ ಮತ್ತೆ ಒಳಗೆ ಇಳಿಯುತ್ತವೆ. ಅಮೆರಿಕದಲ್ಲಿ 1932ರ ಡ್ಯೂಸನ್‌ಬರ್ಗ್ ಎಸ್‌ಜೆ, 1935ರ ಆಬರ್ನ್ 851 ಸ್ಪೀಡ್‌ಸ್ಟರ್ ಇದನ್ನೇ ಮಾಡಿದವು. ಇವುಗಳಲ್ಲಿ ಸೂಪರ್‌ಚಾರ್ಜರ್ ಇತ್ತು, ಅಂದರೆ ಇಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಯಂತ್ರ. ಹೊರಗೆ ಕಾಣುವ ಕೊಳವೆ ಎಂದರೆ ಒಳಗೆ ಸೂಪರ್‌ಚಾರ್ಜರ್ ಉಂಟು ಎಂದು ನೋಡಿದವರಿಗೆ ಅರ್ಥವಾಗುತ್ತಿತ್ತು.

ತಮಾಷೆ ಏನೆಂದರೆ, ಸೂಪರ್‌ಚಾರ್ಜರ್ ಇಲ್ಲದ ಸಾದಾ ಡ್ಯೂಸನ್‌ಬರ್ಗ್ ಜೆ ಕಾರು ಇದ್ದ ಕೆಲವರು ಕೂಡ ಆ ಕೊಳವೆಗಳನ್ನು ಹಾಕಿಸಿಕೊಂಡರು. ಒಳಗೆ ಇಲ್ಲದ್ದನ್ನು ಹೊರಗೆ ತೋರಿಸುವ ಚಾಳಿ ಇಂದಿನ ಹುಡುಗರದ್ದು ಮಾತ್ರವಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ!

ಆದರೆ ಬಾಗಿಲಿನ ಕೆಳಗೆ ಉದ್ದಕ್ಕೆ ಓಡುವ ಕೊಳವೆಯ ಕಥೆ ಬಂದದ್ದು ರೇಸಿನ ಮೈದಾನದಿಂದ. ಇದರಲ್ಲಿ ಮುಖ್ಯ ಪಾತ್ರ ಟೆಕ್ಸಾಸಿನ ಕ್ಯಾರೊಲ್ ಶೆಲ್ಬಿ. ಮೊದಲು ಕೋಳಿ ಸಾಕಣೆ ಮಾಡಿದ್ದವರು, ಆಮೇಲೆ ರೇಸಿಗೆ ಇಳಿದು 1959ರಲ್ಲಿ ರಾಯ್ ಸಾಲ್ವಡೊರಿ ಜೊತೆ ಆಸ್ಟನ್ ಮಾರ್ಟಿನ್ ಓಡಿಸಿ ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ಓಟವನ್ನೇ ಗೆದ್ದರು. ಹೃದಯದ ತೊಂದರೆಯಿಂದ ಓಟ ಬಿಡಬೇಕಾಯಿತು. ಅದೇ ಸುಮಾರಿಗೆ ಇಂಗ್ಲೆಂಡಿನ ಎ.ಸಿ. ಕಾರ್ಸ್ ಕಂಪೆನಿಗೆ ಬ್ರಿಸ್ಟಲ್ ಇಂಜಿನ್ ಸಿಗುವುದು ನಿಂತುಹೋಗಿತ್ತು. ನಿಮ್ಮ ಹಗುರ ಕಾರಿಗೆ ಅಮೆರಿಕದ ವಿ8 ಇಂಜಿನ್ ಕೂರಿಸೋಣವೇ ಎಂದು ಶೆಲ್ಬಿ ಕೇಳಿದರು. ಫೋರ್ಡ್ ಇಂಜಿನ್ ಕೊಟ್ಟಿತು. ಹೀಗೆ 1962ರಲ್ಲಿ ಹುಟ್ಟಿದ್ದು ಕೋಬ್ರಾ.

ರೇಸಿನ ಕೋಬ್ರಾಗಳಿಗೆ ಕೊಳವೆಯನ್ನು ಪಕ್ಕಕ್ಕೆ ತಂದದ್ದು ಚಂದಕ್ಕಲ್ಲ. ಕಾರು ನೆಲಕ್ಕೆ ತೀರಾ ಹತ್ತಿರ, ಅಡಿಯಲ್ಲಿ ದಪ್ಪ ಕೊಳವೆ ಓಡಿಸಲು ಜಾಗವಿಲ್ಲ. ಹಿಂದಿನ ಆಕ್ಸಲನ್ನು ಬಳಸಿಕೊಂಡು ಹೋಗಬೇಕಾದರೆ ಕೊಳವೆ ಉದ್ದವಾಗುತ್ತದೆ, ತೂಕ ಹೆಚ್ಚುತ್ತದೆ, ತಿರುವುಗಳಲ್ಲಿ ಹೊಗೆ ತಡೆಯುತ್ತದೆ. ಹಿಂಚಕ್ರದ ಮುಂದೆಯೇ ಹೊರಗೆ ಬಿಟ್ಟರೆ ಈ ತಾಪತ್ರಯವೇ ಇಲ್ಲ.

ವಿಜ್ಞಾನ ಪಾಠಕ್ಕೂ ಇಲ್ಲಿ ವಿಷಯ ಉಂಟು. ವಿ8 ಇಂಜಿನ್ನಿನಲ್ಲಿ ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ಸಿಲಿಂಡರ್. ಪ್ರತಿ ಬದಿಯ ನಾಲ್ಕರಿಂದ ನಾಲ್ಕು ಕೊಳವೆಗಳು ಹೊರಟು ಒಂದು ದೊಡ್ಡ ಕೊಳವೆಗೆ ಸೇರುತ್ತವೆ. ನಾಲ್ಕನ್ನೂ ಹೆಚ್ಚುಕಡಿಮೆ ಒಂದೇ ಉದ್ದಕ್ಕೆ ಮಾಡಿದರೆ ಒಂದು ಸಿಲಿಂಡರಿನ ಹೊಗೆ ರಭಸದಿಂದ ಹೋಗುವಾಗ ತನ್ನ ಹಿಂದೆ ಕಡಿಮೆ ಒತ್ತಡ ಉಳಿಸಿ, ಮುಂದಿನ ಸಿಲಿಂಡರಿನ ಹೊಗೆಯನ್ನು ಎಳೆದುಕೊಳ್ಳುತ್ತದೆ. ಇನ್ನು ಅಮೆರಿಕನ್ ವಿ8ರಲ್ಲಿ ಒಂದೇ ಬದಿಯ ಸಿಲಿಂಡರುಗಳು ಸಮಾನ ಅಂತರದಲ್ಲಿ ಉರಿಯುವುದಿಲ್ಲ. ನಡುನಡುವೆ ಒಂದೇ ಬದಿಯ ಎರಡು ಬೆನ್ನುಬೆನ್ನಿಗೆ ಉರಿಯುತ್ತವೆ. ಎರಡು ಬದಿಯ ಹೊಗೆ ಎಲ್ಲೂ ಕೂಡಿಕೊಳ್ಳದೆ ಬೇರೆಬೇರೆಯಾಗಿ ಹೊರಬಿದ್ದಾಗ ಆ ಏರುಪೇರಿನ ಗುಡುಗುಡು ಸದ್ದು ಇನ್ನೂ ಸ್ಪಷ್ಟ. ಸೈಡ್ ಪೈಪಿನ ಅಭಿಮಾನಿಗಳು ಸೋತದ್ದು ಬಹುಪಾಲು ಈ ಸದ್ದಿಗೇ ಎಂದು ನಮ್ಮ ಅಂದಾಜು.

ಈಗ 1965ಕ್ಕೆ ಬರೋಣ. ಶೆಲ್ಬಿ 427 ಘನ ಇಂಚಿನ, ಅಂದರೆ ಸುಮಾರು 7 ಲೀಟರಿನ ಇಂಜಿನ್ ಕೂರಿಸಿ ಹೊಸ ಕೋಬ್ರಾ ಕಟ್ಟಿದರು. ಜಿಟಿ ವಿಭಾಗದ ಓಟಕ್ಕೆ ಇಳಿಸಬೇಕಾದರೆ 100 ಕಾರುಗಳನ್ನು ತಯಾರಿಸಿರಬೇಕು ಎಂಬುದು ಅಂತಾರಾಷ್ಟ್ರೀಯ ಸಂಸ್ಥೆಯಾದ ಎಫ್‌ಐಎಯ ನಿಯಮ. ಏಪ್ರಿಲಿನಲ್ಲಿ ಪರೀಕ್ಷಕರು ಬಂದು ಎಣಿಸಿದಾಗ ಮುಗಿದಿದ್ದದ್ದು 51. ಮಾನ್ಯತೆ ಸಿಗಲಿಲ್ಲ. (ಆ ವರ್ಷದ ಚಾಂಪಿಯನ್‌ಶಿಪ್ಪನ್ನು ಹಳೆಯ, ಸಣ್ಣ ಇಂಜಿನ್ನಿನ ಡೇಟೋನಾ ಕೂಪೆಗಳೇ ಗೆದ್ದುಕೊಟ್ಟವು. ಅವಕ್ಕೂ ಹೊಗೆಕೊಳವೆ ಪಕ್ಕದಲ್ಲೇ.) ಓಟಕ್ಕೂ ಇಳಿಯದೆ ಮಾರಾಟವೂ ಆಗದೆ ಉಳಿದ ರೇಸಿನ 427ಗಳನ್ನು ಏನು ಮಾಡುವುದು? ಅಲ್ಪಸ್ವಲ್ಪ ಬದಲಿಸಿ ರಸ್ತೆಗೆ ಮಾರಿದರು. ಅವೇ ಎಸ್/ಸಿ ಎಂಬ ಹೆಸರಿನ, ಎಲ್ಲ ಸೇರಿ ಮೂವತ್ತರ ಆಸುಪಾಸಿನ ಕಾರುಗಳು. ಪಕ್ಕದ ಕೊಳವೆ ಹಾಗೇ ಉಳಿಯಿತು.

ಕಾರ್ಖಾನೆಯಿಂದ ಬಂದ ಸಾದಾ ರಸ್ತೆ ಮಾದರಿಯ 427 ಕೋಬ್ರಾಗೆ ಕೊಳವೆ ಇದ್ದದ್ದು ಕಾರಿನ ಅಡಿಯಲ್ಲೇ. ಹಾಗಿದ್ದೂ ಇಂದು ಕೋಬ್ರಾ ಎಂದ ಕೂಡಲೇ ಲೋಕದ ಕಣ್ಣಿಗೆ ಬರುವುದು ಸೈಡ್ ಪೈಪ್. ಆಮೇಲಿನ ಮಾಲೀಕರು ತಾವೇ ಹಾಕಿಸಿಕೊಂಡರು, ಸಾವಿರಗಟ್ಟಲೆ ನಕಲು ಕೋಬ್ರಾ ಕಟ್ಟಿದವರೂ ಅದನ್ನೇ ಹಾಕಿದರು. ಅಪರೂಪದ್ದೇ ಮಾದರಿಯಾಗಿ ಸಾಮಾನ್ಯದ್ದು ಮರೆತುಹೋದ ಉದಾಹರಣೆ ಇದು. ನಾವು ಚರಿತ್ರೆಯ ತರಗತಿಯಲ್ಲಿ ಆಧಾರ ಪರೀಕ್ಷಿಸಿ ಎಂದು ಹೇಳುತ್ತೇವಲ್ಲ, ಅದಕ್ಕೆ ಇದನ್ನೂ ಸೇರಿಸಬಹುದು.

ಅದೇ 1965ರಲ್ಲಿ ಷೆವರ್ಲೆ ಕಂಪೆನಿ ತನ್ನ ಕಾರ್ವೆಟ್ ಸ್ಟಿಂಗ್‌ರೇ ಕಾರಿಗೆ ಎನ್14 ಎಂಬ ಸಂಕೇತದಡಿ ಪಕ್ಕದ ಕೊಳವೆಯನ್ನು ಕೊಡತೊಡಗಿತು. ನೂರಮೂವತ್ತು ಡಾಲರಿನ ಆಸುಪಾಸು ಹೆಚ್ಚು ಕೊಟ್ಟರಾಯಿತು. 1967ರವರೆಗೆ ನಡೆದು, 1968ರಲ್ಲಿ ನಿಂತು, 1969ರಲ್ಲಿ ಇನ್ನೊಮ್ಮೆ ಬಂದು ಹೋಯಿತು. ಕಾರ್ಖಾನೆ ಕೈಬಿಟ್ಟರೂ ಆಸೆ ಬಿಡಬೇಕಲ್ಲ! ಹೂಕರ್‌ನಂಥ ಕಂಪೆನಿಗಳು ಕಾರ್ವೆಟ್ಟಿಗೆ ಹೊಂದುವ ಕೊಳವೆಗಳ ಸೆಟ್ಟನ್ನೇ ಮಾಡಿ ಮಾರಿದವು.

ಹಾಕುವ ಕೆಲಸ ನೋಡಲು ಸುಲಭ. ಬೀಡುಕಬ್ಬಿಣದ ಹಳೆಯ ಮ್ಯಾನಿಫೋಲ್ಡ್ ಬಿಚ್ಚಬೇಕು, ಅಡಿಯ ಕೊಳವೆ ಮತ್ತು ಸೈಲೆನ್ಸರ್ ಇಳಿಸಬೇಕು, ಹೊಸ ಕೊಳವೆಗಳನ್ನು ಗ್ಯಾಸ್ಕೆಟ್ ಇಟ್ಟು ಬಿಗಿಯಬೇಕು, ಚಾಸಿಗೆ ಬ್ರಾಕೆಟ್ ಹಾಕಿ ತೂಗಬೇಕು. ಐವತ್ತು ವರ್ಷ ಬಿಸಿ ತಿಂದ ಬೋಲ್ಟುಗಳು ತಿರುಗುವ ಬದಲು ಮುರಿಯುತ್ತವೆ ಎಂಬುದು ಯಾವ ಊರಿನ ಮೆಕ್ಯಾನಿಕ್ಕಿಗೂ ಗೊತ್ತು. ಇಂಜಿನ್ ಅಲುಗಿದಾಗ ಕೊಳವೆಯೂ ಅಲುಗುತ್ತದೆ, ಆದ್ದರಿಂದ ಸ್ವಲ್ಪ ಸಡಿಲು ಬಿಡಬೇಕು. ಕಾರ್ವೆಟ್ಟಿನ ಮೈ ಫೈಬರ್ ಗ್ಲಾಸಿನದ್ದು, ಕೊಳವೆ ತೀರಾ ಒತ್ತಿ ಕೂತರೆ ಕಾವಿಗೆ ಹಾಳಾಗುತ್ತದೆ.

ಮೂಲದ್ದೋ ಆಮೇಲೆ ಹಾಕಿದ್ದೋ ಎಂದು ಪತ್ತೆ ಮಾಡಲು ಒಂದು ಒಳ್ಳೆಯ ಗುರುತು ಉಂಟು. ಕಾರ್ಖಾನೆಯಲ್ಲೇ ಸೈಡ್ ಪೈಪ್ ಹಾಕಿದ 1965ರಿಂದ 67ರ ಸ್ಟಿಂಗ್‌ರೇಯ ಹಿಂಬದಿಯ ಕೆಳಹಲಗೆಯಲ್ಲಿ ಕೊಳವೆಯ ತೂತುಗಳೇ ಇರುವುದಿಲ್ಲ. ಪಕ್ಕದಲ್ಲಿ ಕೊಳವೆ ಇದ್ದು ಹಿಂದೆ ಎರಡು ಖಾಲಿ ತೂತು ಇದ್ದರೆ, ಆಮೇಲೆ ಯಾರೋ ಹಾಕಿಸಿದ್ದು ಎಂದು ಲೆಕ್ಕ. ತೂತು ಮುಚ್ಚಿಸುವ ಜಾಣರೂ ಇರುತ್ತಾರೆ, ಅದು ಬೇರೆ ಮಾತು. ಹಳೆಯ ಭಾಗಗಳನ್ನು ಎಸೆಯದೆ ಒಂದು ಪೆಟ್ಟಿಗೆಯಲ್ಲಿ ಇಟ್ಟುಕೊಂಡವರು ಬುದ್ಧಿವಂತರು ಎಂದೇ ನಾವು ಹೇಳುವುದು.

ಇನ್ನು ಸುಡುವ ವಿಷಯ. ಈ ಕೊಳವೆ ಇರುವುದು ಸರಿಯಾಗಿ ಕಾರಿನಿಂದ ಇಳಿಯುವವರ ಮೀನಖಂಡದ ಎತ್ತರದಲ್ಲಿ. ಇಳಿಯುವಾಗ ಕಾಲು ತಾಗಿ ಬರೆ ಬೀಳುವುದು ಕೋಬ್ರಾ ಮಾಲೀಕರ ವಲಯದಲ್ಲಿ ಎಷ್ಟು ಸಾಮಾನ್ಯವೆಂದರೆ ಅದಕ್ಕೆ ಹಾವು ಕಚ್ಚಿತು ಎಂದೇ ಹೆಸರು. ಬೈಕಿನ ಸೈಲೆನ್ಸರಿಗೆ ಕಾಲು ತಾಗಿಸಿಕೊಂಡ ನಮ್ಮ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಮೆರಿಕದಲ್ಲಿ 1970ರ ಶುದ್ಧ ಗಾಳಿ ಕಾಯ್ದೆಯ ಪರಿಣಾಮವಾಗಿ 1975ರ ಮಾದರಿಯಿಂದ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಬರೀ ಕೊಳವೆ ಬದಲಿಸಿ ಸದ್ದು ಮಾಡುವ ಕಾಲ ಹೊಸ ಕಾರುಗಳಿಗೆ ಅಲ್ಲಿಗೆ ಮುಗಿಯಿತು. 1992ರ ಡಾಡ್ಜ್ ವೈಪರ್ ಕಾರು ಕನ್ವರ್ಟರ್ ಇಟ್ಟುಕೊಂಡೇ ಪಕ್ಕದ ಕೊಳವೆಯನ್ನು ಮರಳಿ ತಂದಿತು.

ಇಲ್ಲಿ, ನಮ್ಮ ರಸ್ತೆಗಳಲ್ಲಿ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 112ನೆಯದು ಹೊಗೆಯನ್ನು ಕೆಳಕ್ಕೂ ಬಿಡಬಾರದು, ಎಡಕ್ಕೂ ಬಿಡಬಾರದು, ಹಿಂದಕ್ಕೋ ಬಲಕ್ಕೋ ಬಿಡಬೇಕು ಎನ್ನುತ್ತದೆ. ಎಡಬದಿ ಎಂದರೆ ರಸ್ತೆಯಂಚು, ಶಾಲೆಗೆ ನಡೆದು ಹೋಗುವ ಮಕ್ಕಳ ಬದಿ. ನಿಯಮ 120 ಸೈಲೆನ್ಸರ್ ಇರಲೇಬೇಕು ಎನ್ನುತ್ತದೆ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸಬಾರದು ಎಂದು 1988ರ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಇದನ್ನು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಎತ್ತಿಹಿಡಿದದ್ದು ನಮ್ಮ ಕೇರಳದಿಂದಲೇ ಹೋದ ಪ್ರಕರಣದಲ್ಲಿ, ಇಲ್ಲಿನ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿ. ಬೈಕಿನ ಸೈಲೆನ್ಸರ್ ತೆಗೆಸಿ ಶಾಲೆಯ ಮುಂದೆ ಗುಡುಗಿಸಿ ಹೋಗುವ ನಮ್ಮ ಹಳೆವಿದ್ಯಾರ್ಥಿಗಳು ಇದನ್ನು ಓದುತ್ತಾರೆಂಬ ಭರವಸೆ ನಮಗಿಲ್ಲ. ಮನೆಯವರು ಓದಿ ಹೇಳಿದರೆ ಸಾಕು. ಕೋಬ್ರಾಗಾದರೋ ಎರಡೂ ಬದಿಗೆ ಕೊಳವೆ, ನಮ್ಮ 112ನೇ ನಿಯಮದ ಮುಂದೆ ನಿಂತರೆ ಅದರ ಎಡಗಡೆಯದು ಪಾಸಾಗುವುದಿಲ್ಲ.