ಕಾವೇರಿ ನ್ಯಾಯ ಮತ್ತು ಒಬ್ಬ ಹುಡುಗನ ಪ್ರಶ್ನೆ



1991ರಲ್ಲಿ ದುದ್ದದಲ್ಲಿ ಸಮಾಜ ವಿಜ್ಞಾನದ ಪಾಠ ಮಾಡುತ್ತಿದ್ದಾಗ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಸಾರ್, ತೀರ್ಪು ನಮಗೆ ಹಿಡಿಸದಿದ್ದರೆ ನಮ್ಮ ಸರ್ಕಾರವೇ ಅದನ್ನು ಬದಲಾಯಿಸಬಹುದೇ?” ಕಾವೇರಿ ಸುಗ್ರೀವಾಜ್ಞೆಯ ದಿನಗಳವು. “ನಮ್ಮ ನೀರು, ನಮ್ಮ ಕಾನೂನು. ಕೂತುಕೋ” ಎಂದು ಗದರಿಸಿದೆ. ಆ ಉತ್ತರವನ್ನು ಈಗ ತಿದ್ದಬೇಕಾಗಿದೆ.

ನನ್ನ ಸಿಟ್ಟಿಗೆ ಹಳೆಯ ಕಾರಣಗಳಿದ್ದವು. 1892ರ ಒಪ್ಪಂದದ ಪ್ರಕಾರ, ಪಟ್ಟಿ ಮಾಡಿದ ನದಿಗಳಿಗೆ ಮೈಸೂರು ಸಂಸ್ಥಾನವು ಮದರಾಸಿನ ಒಪ್ಪಿಗೆಯಿಲ್ಲದೆ ಹೊಸ ಜಲಾಶಯ ಕಟ್ಟುವಂತಿರಲಿಲ್ಲ. ನಮ್ಮ ಹೇಮಾವತಿಯೂ ಆ ಪಟ್ಟಿಯಲ್ಲಿತ್ತು. ಕನ್ನಂಬಾಡಿಯ ವಿವಾದದಲ್ಲಿ ಮಧ್ಯಸ್ಥಗಾರ ಗ್ರಿಫಿನ್ 1914ರಲ್ಲಿ ಮೈಸೂರಿನ ಪರ ತೀರ್ಪಿತ್ತರು. ಮದರಾಸು ಲಂಡನ್ನಿನ ಭಾರತ ಮಂತ್ರಿಯವರೆಗೂ ದೂರೊಯ್ದಿತು. 1919ರಲ್ಲಿ ಆ ತೀರ್ಪು ಮೂಲೆಗೆ ಸರಿಯಿತು. ಮಾತುಕತೆ ಎಳೆದಾಡಿ 1924ರಲ್ಲಿ ಎರಡನೆಯ ಒಪ್ಪಂದವಾಯಿತು. ಮುಂದೆ ನಮ್ಮ ತಾಲ್ಲೂಕಿನ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗಲೂ ಕೇಂದ್ರದ ಯೋಜನಾ ಆಯೋಗದ ಒಪ್ಪಿಗೆ ದೊರೆಯದೆ, ರಾಜ್ಯವು ತನ್ನದೇ ಹಣ ಹೂಡಬೇಕಾಯಿತು.

ಇತ್ತ ತಮಿಳುನಾಡಿನ ರೈತ ಸಂಘವೊಂದು 1983ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ನ್ಯಾಯಾಲಯದ ಆದೇಶದಂತೆ 1990ರ ಜೂನ್ 2ರಂದು ನ್ಯಾಯಮಂಡಳಿ ರಚನೆಯಾಯಿತು. ಅದು 1991ರ ಜೂನ್ 25ರಂದು ಮಧ್ಯಂತರ ಆದೇಶ ನೀಡಿ, ಮೆಟ್ಟೂರಿಗೆ ವರ್ಷಕ್ಕೆ 205 ಟಿಎಂಸಿ ನೀರು ತಲುಪಬೇಕು, ಕರ್ನಾಟಕದ ನೀರಾವರಿ ಪ್ರದೇಶ 11.2 ಲಕ್ಷ ಎಕರೆ ಮೀರಕೂಡದು ಎಂದಿತು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಹೇಮಾವತಿಯ ನಾಲೆಗಳು ಇನ್ನೂ ಪೂರ್ಣಗೊಳ್ಳದ ಕಾಲವದು. ನಾಲೆಯ ನೀರಿಗಾಗಿ ಕಾದಿದ್ದ ರೈತನಿಗೆ ಈ ಮಿತಿ ಎಂಥ ಆತಂಕ ತಂದಿರಬಹುದೆಂದು ನೀವೇ ಊಹಿಸಿ.

ಬಂಗಾರಪ್ಪನವರ ಸರ್ಕಾರ ಜುಲೈ 25ರಂದು ಸುಗ್ರೀವಾಜ್ಞೆ ಹೊರಡಿಸಿತು. ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ನವೆಂಬರ್ 22ರಂದು ನ್ಯಾಯಾಲಯ ಅದು ಸಂವಿಧಾನಬಾಹಿರವೆಂದಿತು. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಲು ಯಾವ ರಾಜ್ಯಕ್ಕೂ ಅಧಿಕಾರವಿಲ್ಲವೆಂಬುದು ಅದರ ಸಾರ. ಡಿಸೆಂಬರಿನಲ್ಲಿ ಮಧ್ಯಂತರ ಆದೇಶ ರಾಜಪತ್ರದಲ್ಲಿ ಪ್ರಕಟವಾದ ಮೇಲೆ ಬೆಂಗಳೂರಿನಲ್ಲಿ ತಮಿಳು ಕುಟುಂಬಗಳ ಮೇಲೆ ನಡೆದ ಹಿಂಸೆಯನ್ನು ನೆನೆದರೆ ಇಂದಿಗೂ ತಲೆ ತಗ್ಗುತ್ತದೆ.

2007ರ ಫೆಬ್ರವರಿ 5ರ ಅಂತಿಮ ತೀರ್ಪು ತಮಿಳುನಾಡಿಗೆ 419, ಕರ್ನಾಟಕಕ್ಕೆ 270 ಟಿಎಂಸಿ ಹಂಚಿತು. ಈ ಸಲ ಕರ್ನಾಟಕ ಮೇಲ್ಮನವಿ ಹಿಡಿದು ನ್ಯಾಯಾಲಯಕ್ಕೆ ಹೋಯಿತು. ಫಾಲಿ ನಾರಿಮನ್ ಅವರಂಥ ಹಿರಿಯರು ವಾದಿಸಿದರು. ಅಂತರರಾಜ್ಯ ಜಲವಿವಾದದಲ್ಲಿ ಸುಪ್ರೀಂ ಕೋರ್ಟ್ ಕೈಹಾಕಬಹುದೇ ಎಂಬುದೇ ಮೊದಲ ಪ್ರಶ್ನೆಯಾಯಿತು. ಮೇಲ್ಮನವಿ ಕೇಳಬಹುದೆಂದು 2016ರ ಡಿಸೆಂಬರ್ 9ರಂದು ತೀರ್ಮಾನವಾಯಿತು.

2018ರ ಫೆಬ್ರವರಿ 16ರಂದು ಕರ್ನಾಟಕದ ಪಾಲಿಗೆ 14.75 ಟಿಎಂಸಿ ಸೇರಿತು. ತಮಿಳುನಾಡಿನ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿದು 10, ಬೆಂಗಳೂರಿನ ಕುಡಿಯುವ ನೀರಿಗೆಂದು 4.75. ನಾವು ವರ್ಷಕ್ಕೆ ಬಿಡಬೇಕಾದ ನೀರು 192ರಿಂದ 177.25ಕ್ಕೆ ಇಳಿಯಿತು. ಹಳೆಯ ಒಪ್ಪಂದಗಳು ಅನ್ಯಾಯವೆಂಬ ನಮ್ಮ ವಾದವನ್ನು ಮಾತ್ರ ನ್ಯಾಯಾಲಯ ಒಪ್ಪಲಿಲ್ಲ. ಹರಿಯುವ ನದಿ ಯಾವ ಒಂದು ರಾಜ್ಯದ ಸ್ವತ್ತೂ ಅಲ್ಲವೆಂದೂ ಹೇಳಿತು. ನಾನು ತರಗತಿಯಲ್ಲಿ ಹೇಳಿದ “ನಮ್ಮ ನೀರು” ಅಲ್ಲಿಯೇ ಬಿದ್ದುಹೋಯಿತು.

ಸುಗ್ರೀವಾಜ್ಞೆಯಿಂದ ಒಂದು ತೊಟ್ಟೂ ಹೆಚ್ಚು ದೊರೆಯಲಿಲ್ಲ. ದೊರೆತದ್ದು ದಾಖಲೆ ಮತ್ತು ವಾದದಿಂದ. ಹನ್ನೊಂದು ವರ್ಷ ಹಿಡಿಯಿತು, ನಿಜ. ಆದರೆ ಗ್ರಿಫಿನ್ ತೀರ್ಪು ಮೂಲೆ ಸೇರಿದಾಗ ಮೈಸೂರಿಗೆ ಇಂಥದೊಂದು ಬಾಗಿಲು ಇರಲಿಲ್ಲ.

ಆ ಹುಡುಗ ಈಗ ನಡುವಯಸ್ಸು ದಾಟುತ್ತಿರಬೇಕು. ಅಪ್ಪಾ, ಇದನ್ನು ಓದುತ್ತಿದ್ದರೆ ನಿನಗೊಂದು ಮಾತು: ನಿನ್ನ ಪ್ರಶ್ನೆಯೇ ಸರಿಯಾಗಿತ್ತು. ನಿನ್ನನ್ನು ಕೂರಿಸಿದ್ದು ನಿನ್ನ ಮೇಷ್ಟ್ರ ತಪ್ಪು.