ಅಕ್ಕಿಗೆ ಎಳೆದ ಗೆರೆ ಆಸ್ಪತ್ರೆಗೂ ಬಂತು

ನಮ್ಮ ಹುಮನಾಬಾದ್ ಕಡೆ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಮೊದಲು ಕೇಳೋದು ಒಂದೇ: "ಕಾರ್ಡ್ ಯಾವುದು ಅದ?" ಕಲಬುರಗಿಗೋ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಅನ್ನೋದು ಆಮೇಲಿನ ಮಾತು. ಬಿಪಿಎಲ್ ಆದ್ರೆ ಒಂದು ದಾರಿ, ಎಪಿಎಲ್ ಆದ್ರೆ ಸಾಲದ ದಾರಿ. ಅಕ್ಕಿ ತರುವ ಕಾರ್ಡಿಗೂ ಹಾರ್ಟ್ ಆಪರೇಷನ್ನಿಗೂ ಈ ಗಂಟು ಹೇಗೆ ಬಿತ್ತು?

ಕತೆ 1962ರಿಂದ ಶುರು. ಯೋಜನಾ ಆಯೋಗದ ತಜ್ಞರ ಗುಂಪೊಂದು, ಒಬ್ಬ ಮನುಷ್ಯ ಬದುಕೋಕೆ ತಿಂಗಳಿಗೆ ಕನಿಷ್ಠ 20 ರೂಪಾಯಿ ಬೇಕು ಅಂತ ಲೆಕ್ಕ ಹಾಕಿತು. ಆ ಲೆಕ್ಕದಲ್ಲಿ ಔಷಧಿ, ಶಾಲೆಯ ಖರ್ಚು ಇರಲಿಲ್ಲ. ಮರೆತು ಬಿಟ್ಟಿದ್ದಲ್ಲ; ಅವೆರಡನ್ನೂ ಸರ್ಕಾರವೇ ಕೊಡುತ್ತದೆ ಅಂತ ನಂಬಿ ಬಿಟ್ಟಿದ್ದು. 1979ರ ಕಾರ್ಯಪಡೆ ಬಡತನವನ್ನು ಊಟದಿಂದಲೇ ಅಳೆಯಿತು: ಹಳ್ಳಿಯಲ್ಲಿ ದಿನಕ್ಕೆ 2400 ಕ್ಯಾಲೊರಿ, ಪಟ್ಟಣದಲ್ಲಿ 2100. 1997ರಲ್ಲಿ ಪಡಿತರವನ್ನು ಬಿಪಿಎಲ್, ಎಪಿಎಲ್ ಅಂತ ಒಡೆದಾಗ ಈ ಗೆರೆ ನಮ್ಮ ಮನೆಗಳಿಗೆ ಕಾರ್ಡಿನ ರೂಪದಲ್ಲಿ ಬಂತು.

2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಶುರುವಾಗಿದ್ದೇ ನಮ್ಮ ಗುಲ್ಬರ್ಗಾ ವಿಭಾಗದಲ್ಲಿ. ಹೃದಯ, ಕ್ಯಾನ್ಸರ್, ಕಿಡ್ನಿಯಂಥ ದೊಡ್ಡ ಚಿಕಿತ್ಸೆಗಳಿಗೆ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ, ಬೇಕಾದರೆ ಇನ್ನೂ 50 ಸಾವಿರ. ಪ್ರೀಮಿಯಂ ಇಲ್ಲ, ಬಿಪಿಎಲ್ ಕಾರ್ಡ್ ಸಾಕು. ನಿಜಕ್ಕೂ ಒಳ್ಳೆಯ ಯೋಜನೆ. ಯೋಜನೆ ಇದ್ದ ಹಳ್ಳಿಗಳನ್ನೂ ಗಡಿಯಾಚೆಗಿನ ಇಲ್ಲದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆ ಇದ್ದ ಕಡೆ ಬಡ ಕುಟುಂಬಗಳಲ್ಲಿ ಇಂಥ ಕಾಯಿಲೆಗಳ ಸಾವು 64% ಕಡಿಮೆ ಇತ್ತು. ಗೆರೆಯ ಮೇಲಿನ ಕುಟುಂಬಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಊಟಕ್ಕೆ ಎಳೆದ ಗೆರೆ ಈಗ ಜೀವದ ಗೆರೆಯಾಗಿತ್ತು.

2018ರ ಆರೋಗ್ಯ ಕರ್ನಾಟಕದಲ್ಲೂ ಅದೇ ಕಾರ್ಡು. ಬಿಪಿಎಲ್‌ಗೆ 5 ಲಕ್ಷದವರೆಗೆ ಉಚಿತ. ಉಳಿದವರಿಗೆ ಪ್ಯಾಕೇಜ್ ದರದ 30% ಮಾತ್ರ ಸರ್ಕಾರದ್ದು, ಅದೂ ಒಂದೂವರೆ ಲಕ್ಷದವರೆಗೆ. ಬಿಪಿಎಲ್ ಕಾರ್ಡ್ ಯಾರಿಗಿಲ್ಲ? ವರ್ಷದ ಆದಾಯ 1.20 ಲಕ್ಷ ದಾಟಿದವರಿಗೆ, 3 ಹೆಕ್ಟೇರಿಗಿಂತ ಹೆಚ್ಚು ಒಣಭೂಮಿ ಇದ್ದವರಿಗೆ, ಸ್ವಂತಕ್ಕೆ ಕಾರಿದ್ದವರಿಗೆ, ಆದಾಯ ತೆರಿಗೆ ಕಟ್ಟುವವರ ಕುಟುಂಬಕ್ಕೆ. ನಮ್ಮ ಕಡೆ ಎಂಟು ಎಕರೆ ಒಣ ಹೊಲ ಅಂದರೆ ಮಳೆ ಬಂದ ವರ್ಷ ತೊಗರಿ, ಬರದ ವರ್ಷ ಬರೀ ಕಪ್ಪು ಮಣ್ಣು. ಡಯಾಲಿಸಿಸ್ ಬಿಲ್ಲು ಮಳೆ ನೋಡಿ ಬರೋದಿಲ್ಲ.

ಕೊನೆಯ ಷರತ್ತು ಇದನ್ನು ಓದುತ್ತಿರುವ ನಮಗೇ ಸಂಬಂಧಿಸಿದ್ದು. ಊರಿನ ಕಾರ್ಡಿನಲ್ಲಿ ಹೆಸರಿದ್ದು ಬೆಂಗಳೂರಲ್ಲಿ ತೆರಿಗೆ ಕಟ್ಟುವ ಮಗನಿಂದ ಇಡೀ ಮನೆ ಗೆರೆಯ ಮೇಲೆ ಏರುತ್ತದೆ. 2024ರ ನವೆಂಬರ್‌ನಲ್ಲಿ ಕಾರ್ಡ್ ರದ್ದತಿಯ ಗಲಾಟೆ ಎದ್ದು ಸರ್ಕಾರ ಹಿಂದೆ ಸರಿದಾಗಲೂ ತೆರಿಗೆದಾರರಿಗೆ, ಸರ್ಕಾರಿ ನೌಕರರಿಗೆ ವಿನಾಯಿತಿ ಸಿಗಲಿಲ್ಲ. ಅಕ್ಕಿಯ ಮಟ್ಟಿಗೆ ಅದು ನ್ಯಾಯವೇ. ಆದರೆ ಅಕ್ಕಿಯ ಜೊತೆ ಅಪ್ಪ ಅಮ್ಮನ ಆಪರೇಷನ್ನೂ ಹೋಗುತ್ತದೆ.

ಗೆರೆ ಅಳಿಸೋದು ಅಸಾಧ್ಯವೇನಲ್ಲ. 2024ರ ಸೆಪ್ಟೆಂಬರ್ 11ರಂದು ಕೇಂದ್ರ ಸಂಪುಟ, 70 ದಾಟಿದ ಎಲ್ಲರಿಗೂ ಆದಾಯ ಕೇಳದೆ ಆಯುಷ್ಮಾನ್ ಭಾರತ್ ಅಂತ ತೀರ್ಮಾನಿಸಿತು. ಅಂಗವಿಕಲರಿಗೆ ನಿರಾಮಯ ವಿಮೆ ಇದೆ. ಆದಾಯ ಮಿತಿ ಇಲ್ಲ, 1 ಲಕ್ಷದವರೆಗೆ. ಆದರೆ ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಕಲತೆ ಇದ್ದವರಿಗೆ ಮಾತ್ರ. ಪೋಲಿಯೊದಿಂದ ಕಾಲು ಸೋತವರಿಗೆ, ಕಣ್ಣು ಕಾಣದವರಿಗೆ ಅದರಲ್ಲಿ ಜಾಗ ಇಲ್ಲ. ಎಂಟು ಎಕರೆ ಇರುವ 60ರ ಅಂಗವಿಕಲ ರೈತ ಇನ್ನೂ ಹತ್ತು ವರ್ಷ ಕಾಯಬೇಕು.

1962ರವರು ಔಷಧಿಯನ್ನು ಗೆರೆಯ ಲೆಕ್ಕದಿಂದ ಹೊರಗಿಟ್ಟಿದ್ದು ಅದು ಎಲ್ಲರಿಗೂ ಸಿಗಲಿ ಅಂತ. ನಾವು ಅದೇ ಗೆರೆಯನ್ನು ಆಸ್ಪತ್ರೆ ಬಾಗಿಲಿಗೆ ಹೊಸ್ತಿಲು ಮಾಡಿದ್ವಿ. ಅಕ್ಕಿಗೆ ಗೆರೆ ಬೇಕಾದರೆ ಇರಲಿ. ಕಾಯಿಲೆಗೆ ಬೇರೆ ಲೆಕ್ಕ ಬೇಕು: ಮನೆಯಲ್ಲಿ ಎಷ್ಟಿದೆ ಅನ್ನೋದಲ್ಲ, ಬಿಲ್ಲು ಕಟ್ಟಿದ ಮೇಲೆ ಎಷ್ಟು ಉಳಿಯುತ್ತೆ ಅನ್ನೋದು.