ಪುಸ್ತಕ ಮನೆಯ ಅಂಗಳ: ದೀಪ, ಗಿಡ, ಫಲಕ

ಹೊಸದಾಗಿ ಒಂದು ಸಾರ್ವಜನಿಕ ಗ್ರಂಥಾಲಯ ಕಟ್ಟುವ ಮಾತು ಎದ್ದಾಗ ನಾವೆಲ್ಲ ಮೊದಲು ಲೆಕ್ಕ ಹಾಕುವುದು ಕಪಾಟುಗಳನ್ನು, ಮೇಜು ಕುರ್ಚಿಗಳನ್ನು, ಪುಸ್ತಕಗಳ ಸಂಖ್ಯೆಯನ್ನು. ಹೊರಗಿನ ಅಂಗಳದ ಸಂಗತಿ ಬಂದಾಗ 'ಹಣ ಉಳಿದರೆ ನೋಡೋಣ' ಎಂದು ಮುಂದಕ್ಕೆ ಹಾಕುತ್ತೇವೆ. ಹಣ ಉಳಿಯುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿರುವ ವಿಷಯವೇ. ಕೊನೆಗೆ ಬಾಗಿಲ ಮೇಲೊಂದು ಬಲ್ಬು, ಗೇಟಿನ ಬಳಿ ಎರಡು ಹೂಕುಂಡ, ಉದ್ಘಾಟಿಸಿದವರ ಹೆಸರು ಕೆತ್ತಿದ ಒಂದು ಕಲ್ಲು, ಇಷ್ಟರಲ್ಲಿ ಹೊರಗಿನ ಕೆಲಸ ಮುಗಿದುಹೋಗುತ್ತದೆ. ಆದರೆ ಗ್ರಂಥಾಲಯಗಳ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಿದರೆ, ದೀಪ, ಗಿಡ, ಫಲಕ ಈ ಮೂರೂ ಬರಿಯ ಅಲಂಕಾರವಲ್ಲವೆಂಬುದು ತಿಳಿಯುತ್ತದೆ. ಒಳಗೆ ಯಾರು ಬರಬಹುದು, ಎಷ್ಟು ಹೊತ್ತು ಇರಬಹುದು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದವು ಅವೇ.

ಮೊದಲು ದೀಪದ ಮಾತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ದುಂಡನೆಯ ವಾಚನಾಲಯ 1857ರಲ್ಲಿ ತೆರೆಯಿತು. ಅಷ್ಟು ದೊಡ್ಡ ಸಾಮ್ರಾಜ್ಯದ ರಾಜಧಾನಿಯ ಅಷ್ಟು ದೊಡ್ಡ ಪುಸ್ತಕ ಭಂಡಾರದಲ್ಲಿ ಓದಲೆಂದು ಒಂದು ಮೇಣದ ಬತ್ತಿ ಹಚ್ಚುವಂತಿರಲಿಲ್ಲ. ಗ್ಯಾಸ್ ದೀಪವೂ ಕೂಡದು. ಬೆಂಕಿಯ ಭಯ ಅಂಥದು. ಚಳಿಗಾಲದ ಮಂಜು ಮುಸುಕಿ ಕತ್ತಲಾಯಿತೆಂದರೆ ಓದುಗರು ಪುಸ್ತಕ ಮುಚ್ಚಿ ಎದ್ದು ಹೋಗಬೇಕಾಗಿತ್ತು. 1879ರಲ್ಲಿ ವಿದ್ಯುದ್ದೀಪ ಬಂದ ಮೇಲೆಯೇ ಅಲ್ಲಿ ಸಂಜೆಯ ಓದು ಸಾಧ್ಯವಾದದ್ದು. ಹಗಲೆಲ್ಲ ದುಡಿಯುವ ಮನುಷ್ಯನಿಗೆ ಸಂಜೆ ಮುಚ್ಚುವ ಗ್ರಂಥಾಲಯ ಇದ್ದೂ ಇಲ್ಲದಂತೆಯೇ ಅಲ್ಲವೆ?

ಕೋಟ್ಯಧೀಶ ಆ್ಯಂಡ್ರೂ ಕಾರ್ನೆಗಿ ಇದೇ ಕಾಲದಲ್ಲಿ ಗ್ರಂಥಾಲಯಗಳಿಗೆ ಹಣ ಕೊಡತೊಡಗಿದ. ಅವನ ಮೊದಲ ಗ್ರಂಥಾಲಯ 1883ರಲ್ಲಿ ಅವನ ಹುಟ್ಟೂರಾದ ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್‌ನಲ್ಲಿ ತೆರೆಯಿತು. ಅದರ ಬಾಗಿಲ ಮೇಲೆ ಕಿರಣ ಸೂಸುವ ಸೂರ್ಯನನ್ನು ಕೆತ್ತಿದ್ದಾರೆ. ಮುಂದೆ ಅವನ ನೆರವಿನಿಂದ ಲೋಕದ ನಾನಾ ಕಡೆ ಎದ್ದ ಎರಡೂವರೆ ಸಾವಿರದಷ್ಟು ಗ್ರಂಥಾಲಯಗಳಲ್ಲಿ ಹೆಚ್ಚಿನವಕ್ಕೆ ಬಾಗಿಲ ಬಳಿ ಒಂದು ದೀಪಸ್ತಂಭವಿತ್ತು, ಹತ್ತಿ ಹೋಗಲು ಮೆಟ್ಟಿಲುಗಳಿದ್ದವು. ದೀಪವೆಂದರೆ ಅರಿವು, ಮೆಟ್ಟಿಲೆಂದರೆ ಓದಿನಿಂದ ಮೇಲೇರುವುದು ಎಂಬ ಭಾವ. ದೀಪದ ವಿಷಯದಲ್ಲಿ ಅವರ ಎಣಿಕೆ ಸರಿಯಾಗಿತ್ತು. ಮೆಟ್ಟಿಲಿನ ಮಾತು ಆಮೇಲೆ.

ನಮ್ಮ ಕನ್ನಡ ನಾಡಿನಲ್ಲಿ ದೀಪಕ್ಕೂ ಗ್ರಂಥಾಲಯಕ್ಕೂ ಇರುವ ನಂಟು ಇನ್ನೂ ಹತ್ತಿರದ್ದು. 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಶಿವನಸಮುದ್ರದ ಜಲವಿದ್ಯುತ್ ಯೋಜನೆಯನ್ನು ಕೈಗೆತ್ತಿಕೊಂಡರು. ಅದು ಪೂರ್ತಿಯಾಗುವುದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ, 1901ರಲ್ಲಿ ತೀರಿಕೊಂಡರು. ಮರುವರ್ಷ ಆ ವಿದ್ಯುತ್ತು 90ಕ್ಕೂ ಹೆಚ್ಚು ಮೈಲಿಗಳ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಮೂರು ವರ್ಷ ಕಳೆದು, 1905ರಲ್ಲಿ. ಅಂದರೆ ಬೆಳಕು ಮೊದಲು ಬಂಗಾರಕ್ಕೆ ದೊರೆಯಿತು, ಆಮೇಲೆ ಬೀದಿಗೆ. ಓದುವವನ ಸರದಿ ಬಂದದ್ದು ಅದಕ್ಕೂ ಈಚೆಗೆ.

ಆ ದಿವಾನರ ನೆನಪಿಗಾಗಿ ಕಬ್ಬನ್ ಪಾರ್ಕಿನಲ್ಲಿ ಒಂದು ಸ್ಮಾರಕ ಭವನ ಎದ್ದಿತು. ಅದರ ಮುಂದೆ ಅವರ ಪ್ರತಿಮೆಯನ್ನು ನಿಲ್ಲಿಸಿ, 1913ರಲ್ಲಿ ವೈಸರಾಯ್ ಲಾರ್ಡ್ ಹಾರ್ಡಿಂಜ್ ಅವರಿಂದ ಅನಾವರಣ ಮಾಡಿಸಿದರು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1915ರ ಹೊತ್ತಿಗೆ, ಆ ಭವನ ಸಾರ್ವಜನಿಕ ಗ್ರಂಥಾಲಯವಾಯಿತು. ದೊಡ್ಡವರ ಸ್ಮಾರಕ ಬರಿಯ ಕಲ್ಲಾಗಿ ನಿಲ್ಲದೆ ಜನರ ಓದಿನ ಮನೆಯಾದದ್ದು ನಮ್ಮ ಪುಣ್ಯ. ಬೀದಿಗೆ ಬೆಳಕು ತರಿಸಿದವರ ಹೆಸರೇ ಓದುವ ಮನೆಗೂ ಬಂದಿತು.

ಇನ್ನು ಗಿಡಮರಗಳ ವಿಷಯ. ಶೇಷಾದ್ರಿ ಅಯ್ಯರ್ ಭವನದ ಚೆಲುವಿನಲ್ಲಿ ಅರ್ಧ ಪಾಲು ಉದ್ಯಾನದ್ದು. ಕಬ್ಬನ್ ಪಾರ್ಕನ್ನು ರೂಪಿಸಿದವರು ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ, 1870ರಲ್ಲಿ. ಅಂದರೆ ಕಟ್ಟಡಕ್ಕಿಂತ ನಾಲ್ಕು ದಶಕಗಳಷ್ಟು ಮೊದಲೇ ಮರಗಳು ಬೇರೂರಿದ್ದವು. ಮೊದಲು ನೆರಳು, ಆಮೇಲೆ ಗೋಡೆ! ಮುಂದೆ ಬೆಂಗಳೂರಿನ ಹಸಿರಿಗೆ ಹೊಸ ರೂಪು ಕೊಟ್ಟವರು ಜರ್ಮನಿಯಲ್ಲಿ ಹುಟ್ಟಿದ ಕ್ರುಂಬೀಗಲ್. ಬರೋಡೆಯ ಸಂಸ್ಥಾನದಲ್ಲಿ ತೋಟಗಳನ್ನು ನೋಡಿಕೊಂಡಿದ್ದ ಅವರು 1908ರಲ್ಲಿ ಮೈಸೂರಿನ ಸೇವೆಗೆ ಬಂದರು. ಒಂದು ಜಾತಿಯ ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷದ ಯಾವ ತಿಂಗಳಲ್ಲೂ ಊರು ಬೋಳಾಗಿ ಕಾಣಬಾರದು ಎಂಬುದು ಅವರ ಲೆಕ್ಕ. ಗ್ರಂಥಾಲಯದ ಅಂಗಳಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಉದ್ಘಾಟನೆಯ ದಿನ ಕುಂಡಗಳನ್ನು ಸಾಲಾಗಿಟ್ಟು ಮರುವಾರ ಒಣಗಲು ಬಿಡುವುದಕ್ಕಿಂತ, ಮೂವತ್ತು ವರ್ಷ ನೆರಳು ಕೊಡುವ ನಾಲ್ಕು ಮರಗಳನ್ನು ಜಾಗ ನೋಡಿ ನೆಡುವುದು ಲೇಸು.

ಜಾಗ ನೋಡಿ ಎಂದೆವು. ಗೋಡೆಗೆ ಒತ್ತಿಕೊಂಡ ಗಿಡದಿಂದ ತೇವ ಬರುತ್ತದೆ, ತೇವದ ಹಿಂದೆ ಗೆದ್ದಲು ಬರುತ್ತದೆ. ಪುಸ್ತಕಕ್ಕೆ ಗೆದ್ದಲಿಗಿಂತ ದೊಡ್ಡ ವೈರಿ ಯಾರು? ಆದ್ದರಿಂದ ಗೋಡೆಯ ಸುತ್ತ ಒಂದಷ್ಟು ಅಗಲ ಒಣ ಜಾಗ ಬಿಟ್ಟು ಆಚೆಗೆ ಗಿಡ ನೆಡಬೇಕು. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಮೂಡಿದ ಗೆದ್ದಲುಗಳು ಬೆಳಕನ್ನು ಅರಸಿ ಮುತ್ತುವುದನ್ನು ಎಲ್ಲರೂ ಕಂಡಿದ್ದೇವೆ. ಬಾಗಿಲ ನೆತ್ತಿಯ ಮೇಲೆಯೇ ದೀಪ ಹಾಕಿದರೆ ಅವನ್ನು ಒಳಗೆ ಕರೆದಂತಾಯಿತು. ದೀಪದ ಕಂಬ ಬಾಗಿಲಿಂದ ದೂರ ನಿಂತು ದಾರಿಯ ಮೇಲೆ ಬೆಳಕು ಚೆಲ್ಲುವುದು ವಿಹಿತ. ದೀಪ, ಗಿಡ, ಗೋಡೆ ಮೂರನ್ನೂ ಒಟ್ಟಿಗೆ ಯೋಚಿಸಬೇಕೆನ್ನುವುದು ಇದಕ್ಕೇ.

ಈಗ ಮೆಟ್ಟಿಲಿನ ಮಾತು. ಮುಂಬಯಿಯ ಕೋಟೆ ಭಾಗದಲ್ಲಿ, ನಡೆದು ಹೋಗುವಷ್ಟು ಹತ್ತಿರದಲ್ಲಿ, ಎರಡು ಹಳೆಯ ಗ್ರಂಥಾಲಯಗಳಿವೆ. ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯವಿರುವ ಟೌನ್ ಹಾಲ್ 1833ರಲ್ಲಿ ಪೂರ್ತಿಯಾದ ಕಟ್ಟಡ. ಭಾರಿ ಕಂಬಗಳು, ಬೀದಿಯಿಂದ ಮೇಲೇರುವ ವಿಶಾಲವಾದ ಮೆಟ್ಟಿಲುಗಳ ಸಾಲು. ನೋಡಲು ಭವ್ಯ, ಸಂದೇಹವಿಲ್ಲ. ಆದರೆ ಆ ಸೊಸೈಟಿಗೆ ಮೊದಲ ಭಾರತೀಯ ಸದಸ್ಯರು ಸೇರಿದ್ದು 1840ರ ಸುಮಾರಿಗೆ ಎಂಬುದನ್ನು ನೆನೆದರೆ, ಆ ಮೆಟ್ಟಿಲುಗಳು ಯಾರನ್ನು ಕರೆಯಲು ಕಟ್ಟಿದವು, ಯಾರನ್ನು ದೂರ ನಿಲ್ಲಿಸಿದವು ಎಂಬ ಯೋಚನೆ ಬಾರದಿರದು. ಕಾಲಾ ಘೋಡಾದ ಡೇವಿಡ್ ಸಸೂನ್ ಗ್ರಂಥಾಲಯದ ಕಥೆ ಬೇರೆ. 1847ರಲ್ಲಿ ಟಂಕಸಾಲೆಯ ಮತ್ತು ಹಡಗುಕಟ್ಟೆಯ ಕೆಲಸಗಾರರು ಕಟ್ಟಿಕೊಂಡ ಸಂಸ್ಥೆಗೆ 1870ರಲ್ಲಿ ಸ್ವಂತ ಕಟ್ಟಡವಾಯಿತು. ಅದರ ಹಿಂಬದಿಯಲ್ಲೊಂದು ಚಿಕ್ಕ ತೋಟವಿದೆ. ರಸ್ತೆಯ ಗದ್ದಲದಿಂದ ಹತ್ತು ಹೆಜ್ಜೆ ಒಳಗೆ ಬಂದು ಮರದ ನೆರಳಿನಲ್ಲಿ ಕೂತು ಓದಬಹುದು. ಜಾಗ ಕಿರಿದಾದರೇನು, ಅಂಗಳವನ್ನು ಓದುವ ಕೋಣೆಯನ್ನಾಗಿ ಮಾಡಿಕೊಳ್ಳಬಹುದೆಂಬುದಕ್ಕೆ ಅದೇ ಸಾಕ್ಷಿ.

ಮೆಟ್ಟಿಲಿನಿಂದ ಭವ್ಯತೆ ಬರಬಹುದು; ಗಾಲಿಕುರ್ಚಿಯಲ್ಲಿ ಬರುವವರಿಗೆ, ಮಂಡಿ ನೋಯುವ ಹಿರಿಯರಿಗೆ ಅದು ಗೋಡೆಯೇ ಸರಿ. ಸಾರ್ವಜನಿಕ ಕಟ್ಟಡಗಳಿಗೆ ಇಂಥವರೂ ಹೋಗಿ ಬರುವಂತಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೇಳುತ್ತದೆ. ಇಳಿಜಾರಿನ ದಾರಿಯನ್ನು ನಕ್ಷೆ ಬರೆಯುವಾಗಲೇ ಸೇರಿಸಿದರೆ ಅದು ಅಂಗಳದ ಭಾಗವಾಗಿ ಚೆನ್ನಾಗಿ ಕೂರುತ್ತದೆ. ಆಮೇಲೆ ಅಂಟಿಸಿದರೆ ತೇಪೆಯಂತೆ ಕಾಣುತ್ತದೆ.

ಕೊನೆಯದು ಫಲಕ. ಅಮೆರಿಕದ ಬಾಸ್ಟನ್ ನಗರದ ಸಾರ್ವಜನಿಕ ಗ್ರಂಥಾಲಯದ ಕಟ್ಟಡ 1895ರಲ್ಲಿ ತೆರೆದಾಗ, ಅದರ ಹೆಬ್ಬಾಗಿಲ ಮೇಲೆ 'ಎಲ್ಲರಿಗೂ ಉಚಿತ' ಎಂಬರ್ಥದ ಮೂರೇ ಪದಗಳನ್ನು ಕಲ್ಲಿನಲ್ಲಿ ಕೆತ್ತಿದ್ದರು. ದಾನಿಯ ಹೊಗಳಿಕೆಯಲ್ಲ, ಮಂತ್ರಿಗಳ ಹೆಸರಲ್ಲ. ಬೀದಿಯಲ್ಲಿ ಹೋಗುವವನಿಗೆ ಹೇಳಬೇಕಾದ ಮಾತು. ನಮ್ಮಲ್ಲಿಯೂ ಈ ಮಾತು ಹೇಳಲು ಆಧಾರವಿಲ್ಲದೆ ಇಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಂತೆ ಮನೆ ನಿವೇಶನಗಳ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ವಸೂಲು ಮಾಡುತ್ತಾರೆ. ಕರ ಕೊಟ್ಟವರಿಗೆ 'ಇದು ನಿಮ್ಮದು, ಒಳಗೆ ಬನ್ನಿ' ಎಂದು ಹೇಳುವುದು ಉಪಚಾರವಲ್ಲ, ಋಣ ಸಂದಾಯ. ಆದರೆ ಎಷ್ಟು ಫಲಕಗಳು ಹಾಗೆನ್ನುತ್ತವೆ? 'ಅಪ್ಪಣೆಯಿಲ್ಲದೆ ಪ್ರವೇಶವಿಲ್ಲ', 'ಚಪ್ಪಲಿ ಇಲ್ಲಿ ಬಿಡಬೇಡಿ', 'ಗದ್ದಲ ಮಾಡಬೇಡಿ' ಎಂಬ 'ಬೇಡ'ಗಳ ಸಾಲನ್ನೇ ಹೆಚ್ಚಾಗಿ ಕಾಣುತ್ತೇವೆ. ತೆರೆಯುವ ಹೊತ್ತು, ಮುಚ್ಚುವ ಹೊತ್ತು, ರಜೆಯ ದಿನ, ಯಾರು ಬೇಕಾದರೂ ಬರಬಹುದೆಂಬ ಒಂದು ಸಾಲು: ಇವು ರಸ್ತೆಯ ಆ ಬದಿಯಿಂದಲೇ ಓದುವಷ್ಟು ದೊಡ್ಡ ಅಕ್ಷರದಲ್ಲಿ, ಆ ಊರಿನ ಜನರ ಭಾಷೆಯಲ್ಲಿ ಇರಬೇಕು. ಫಲಕದ ಮೇಲೆ ರಾತ್ರಿ ಬೆಳಕು ಬೀಳಬೇಕು, ಹಬ್ಬಿದ ಬಳ್ಳಿ ಅದನ್ನು ಮುಚ್ಚಬಾರದು.

ಹೊರನಾಡಿನಲ್ಲಿ ಬಾಳುವ ನಮಗೆ ಫಲಕದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗುರುತಿಲ್ಲದ ಬೀದಿಯಲ್ಲಿ ನಾಲ್ಕು ಕನ್ನಡ ಅಕ್ಷರ ಕಂಡರೆ ಕಾಲು ತಾನಾಗಿ ನಿಲ್ಲುತ್ತದೆ. ಗ್ರಂಥಾಲಯದ ಬಾಗಿಲಲ್ಲಿ ಅಳುಕಿ ನಿಲ್ಲುವ ಹುಡುಗನಿಗೆ, ಕತ್ತಲಾದ ಮೇಲೆ ಒಬ್ಬಳೇ ಮನೆಗೆ ಮರಳಬೇಕಾದ ಹುಡುಗಿಗೆ, ದಿನದ ಕೂಲಿ ಮುಗಿಸಿ ಪತ್ರಿಕೆ ನೋಡಲು ಬರುವ ಮನುಷ್ಯನಿಗೆ ಬೇಕಾದುದೂ ಅಂಥದೇ ಒಂದು ಗುರುತು. ಆದ್ದರಿಂದ ಹೊಸ ಗ್ರಂಥಾಲಯದ ಅಂದಾಜು ಪಟ್ಟಿ ಮಾಡುವವರಲ್ಲಿ ನಮ್ಮದೊಂದು ವಿಜ್ಞಾಪನೆ: ದೀಪ, ಗಿಡ, ಫಲಕಗಳನ್ನು ಪಟ್ಟಿಯ ಕೊನೆಗೆ ತಳ್ಳಬೇಡಿ. ಒಳಗಿರುವ ಪುಸ್ತಕಗಳು ಮಾತನಾಡುವುದು ಒಳಗೆ ಬಂದವರೊಡನೆ ಮಾತ್ರ. ಹೊರಗೆ ನಿಂತವರೊಡನೆ ಮಾತನಾಡಬೇಕಾದದ್ದು ಅಂಗಳವೇ.